ಹುಲ್ಲಿನ ಕಾಗೆ ಮತ್ತು ಕಡಲಹಕ್ಕಿ

ಮೂರು ದಿನಗಳಿಂದ ನನ್ನ ಬ್ಯಾಗು ಓಮದ ವಾಸನೆ ಹೊಡೆಯುತ್ತಿದೆ. ಒಳಗಿರುವುದು ಒಂದು ಗಾಠಿಯಾ ಪೊಟ್ಟಣ. ಕಡಲೆಹಿಟ್ಟು, ಓಮ, ಎರಡು ಮೂರು ಸಲ ಕಾದ ಎಣ್ಣೆ. ಶನಿವಾರ ಸೀವುಡ್ಸ್‌ನ ಆಫೀಸಿನವರ ಜೊತೆ ಖಾಡಿಯ, ಅಂದರೆ ಕಡಲ ಹಿನ್ನೀರಿನ ದಂಡೆಗೆ ಹೋಗಿದ್ದೆ. ಅವರಿಗೆ ಫ್ಲೆಮಿಂಗೋ ನೋಡಬೇಕಿತ್ತು. ಫ್ಲೆಮಿಂಗೋಗಳು ದೂರದ ಕೆಸರಿನ ಮೇಲೆ ಗುಲಾಬಿ ಗೆರೆಯಷ್ಟೇ ಕಂಡವು. ತಲೆಯ ಮೇಲೆಯೇ ಕಿರುಚುತ್ತ ಸುತ್ತಿದ್ದು ಬಿಳಿಯ ಕಡಲಹಕ್ಕಿಗಳು, ಇಲ್ಲಿ ಎಲ್ಲರೂ ಸೀಗಲ್ ಎನ್ನುವ ಚಳಿಗಾಲದ ನೆಂಟರು. ದಂಡೆಯಲ್ಲಿ ಗಾಠಿಯಾ ಮಾರುತ್ತಿದ್ದ ಹೆಂಗಸು ಒಂದು ಪೊಟ್ಟಣ ನನ್ನ ಕೈಗೆ ತುರುಕಿ, “ಡಾಲೋ ಬೇಟಾ, ಪುಣ್ಯ ಮಿಲೇಗಾ,” ಹಕ್ಕಿಗಳಿಗೆ ಹಾಕು, ಪುಣ್ಯ ಬರುತ್ತದೆ ಅಂದಳು.

ನನ್ನನ್ನು ಬಲ್ಲವರಿಗೆ ಗೊತ್ತು, ಇಂಥ ಮಾತಿಗೆ ನಾನು ಕನಿಷ್ಠ ಹತ್ತು ನಿಮಿಷ ಭಾಷಣ ಬಿಗಿಯುವವಳು. ಆ ದಿನ ಬಿಗಿಯಲಿಲ್ಲ. ಹಕ್ಕಿಗಳಿಗೆ ಹಾಕಲೂ ಇಲ್ಲ. ಪೊಟ್ಟಣವನ್ನು ಬ್ಯಾಗಿಗೆ ಹಾಕಿಕೊಂಡು ಬಂದುಬಿಟ್ಟೆ. ಯಾಕೆ ಎಂದು ಕೇಳಿದರೆ...

ಕಲ್ಯಾಣದಲ್ಲಿ ನಮ್ಮ ಎದುರುಮನೆಯಲ್ಲಿ ಒಬ್ಬ ಮಾಮ ಇದ್ದರು. ಉಡುಪಿ ಕಡೆಯವರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಠಾಣೆಯ ಹೋಟೆಲುಗಳ ಅಡುಗೆಮನೆಯಲ್ಲಿ ಇಡ್ಲಿ ಬೇಯಿಸಿದವರು. ನಾವು ವಿಜಯಪುರದ ಕಡೆಯವರು. ಅಪ್ಪ ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಲೋಡಿಂಗ್ ಕೆಲಸ ಮಾಡುತ್ತಿದ್ದರು. ಮಾಮನ ಮನೆಯೊಳಗೆ ತುಳು, ನಮ್ಮ ಮನೆಯೊಳಗೆ ನಮ್ಮ ಕನ್ನಡ, ನಡುವಿನ ನಾಲ್ಕು ಅಡಿ ಪ್ಯಾಸೇಜಿನಲ್ಲಿ ಎರಡೂ ಕಲಸಿದ ಒಂದು ಮಾತು. ಮಾಮಿ ನಮ್ಮ ಅವ್ವನಿಗೆ ಮೀನುಸಾರು ಕಲಿಸಿದಳು, ಅವ್ವ ಅವಳಿಗೆ ರೊಟ್ಟಿ ಬಡಿಯಲು ಕಲಿಸಿ ಸೋತಳು.

ನಾನಾಗ ಕಾಲೇಜಿನಲ್ಲಿದ್ದೆ, ಚರ್ಚಾಸ್ಪರ್ಧೆಯ ಹುಚ್ಚು ಹಿಡಿದಿತ್ತು. ಚೀಟಿಯಲ್ಲಿ ‘ಪರ’ ಬಂದರೆ ಪರ, ‘ವಿರೋಧ’ ಬಂದರೆ ವಿರೋಧ. ಯಾವುದಾದರೂ ಸರಿ, ಎದುರಿನವರ ಬಾಯಿ ಮುಚ್ಚಿಸುವುದು ಮುಖ್ಯ. ನಾನು ಪ್ಯಾಸೇಜಿನಲ್ಲಿ ಅಭ್ಯಾಸ ಮಾಡುವಾಗ ಮಾಮ ಬನಿಯನ್ನಿನಲ್ಲೇ ಸ್ಟೂಲು ತಂದು ಕೂರುತ್ತಿದ್ದರು. “ಇವತ್ತು ಯಾವ ಪಕ್ಷ ವಕೀಲಮ್ಮ?” ಎಂದು ಮೊದಲು ಕೇಳುವುದು ಅವರ ರೂಢಿ. ನಾನು ಓದುತ್ತಿದ್ದುದು ಕಾಮರ್ಸ್ ಎಂದು ಎಷ್ಟು ಸಲ ಹೇಳಿದರೂ ನಾನು ಅವರಿಗೆ ವಕೀಲಮ್ಮನೇ.

ಒಂದು ಜನವರಿಯಲ್ಲಿ ಮಾಮಿ ತೀರಿಕೊಂಡಳು. ಬೆಳಿಗ್ಗೆ ತಲೆಸುತ್ತು ಅಂದಳು, ಸಂಜೆಗೆ ಇರಲಿಲ್ಲ.

ಹತ್ತನೆಯ ದಿನದ ಕ್ರಿಯೆಗೆ ಖಾಡಿಯ ಘಾಟಿಗೆ ಹೋದೆವು. ಉಲ್ಹಾಸ ನದಿ ಕಲ್ಯಾಣಕ್ಕೆ ಬರುವ ಹೊತ್ತಿಗೆ ಅರ್ಧ ನದಿ, ಅರ್ಧ ಕಡಲು. ಭರತ ಬಂದಾಗ ಹಿಂದಕ್ಕೆ ಹರಿಯುತ್ತದೆ, ಇಳಿದಾಗ ಮುಂದಕ್ಕೆ. ಚಳಿಗಾಲವಾದ್ದರಿಂದ ಘಾಟಿನ ತುಂಬ ಕಡಲಹಕ್ಕಿಗಳು. ಕೆಸರಿನಲ್ಲಿ ಬೆಳ್ಳಕ್ಕಿಗಳು ತಮ್ಮ ಪಾಡಿಗೆ ತಾವು ಒಂದೊಂದೇ ಹೆಜ್ಜೆ ಇಡುತ್ತಿದ್ದವು.

ಗುರೂಜಿ ಎಲೆಯ ಮೇಲೆ ಪಿಂಡ ಇಡಿಸಿದರು. ಅದನ್ನು ಕಾಗೆ ಮುಟ್ಟಬೇಕು. ಮುಟ್ಟಲಿಲ್ಲವೆಂದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಉಳಿದವರು ಅದನ್ನು ಊಹಿಸಿ, ಮಾಡುತ್ತೇನೆ ಎಂದು ಗಟ್ಟಿಯಾಗಿ ಮಾತು ಕೊಡಬೇಕು. ಸರಿಯಾದ ಮಾತು ಬಿದ್ದರೆ ಕಾಗೆ ಇಳಿಯುತ್ತದೆ. ಅವತ್ತು ತಂತಿಯ ಮೇಲೆ ಐದು ಕಾಗೆಗಳಿದ್ದವು. ಒಂದೂ ಅಲುಗಲಿಲ್ಲ.

“ಬೋಲಾ, ಕಾಹೀತರೀ ಬೋಲಾ,” ಏನಾದರೂ ಹೇಳಿ ಎಂದು ಗುರೂಜಿ ಅವಸರಿಸಿದರು.

ಮಾಮ ಕೈಮುಗಿದು ತಂತಿಯತ್ತ ನೋಡಿದರು. “ನಿನ್ನ ತಂಗಿಯತ್ರ ಮಾತಾಡ್ತೇನೆ, ಆಯ್ತಾ? ನಾನೇ ಫೋನ್ ಮಾಡ್ತೇನೆ.” ಕಾಗೆ ಕದಲಲಿಲ್ಲ. “ಬೀಡಿ ಬಿಟ್ಟೆ. ಇಕೋ, ಇಲ್ಲಿಯೇ ಬಿಟ್ಟೆ.” ಕಟ್ಟು ನೀರಿಗೆ ಬಿತ್ತು. “ಮಗಳಿಗೆ ಬಯ್ಯುದಿಲ್ಲ ಇನ್ನು... ಆ ಮಿಕ್ಸರನ್ನು ನಾಳೆಯೇ ರಿಪೇರಿಗೆ ಕೊಡ್ತೇನೆ ಮಾರಾಯ್ತಿ!” ಹಿಂದೆ ಯಾರೋ ನಕ್ಕರು. ನಾನೂ ತುಟಿ ಕಚ್ಚಿಕೊಂಡೆ. ಆಮೇಲೆ ಮಾಮನಿಗೆ ಹೇಳಲು ಏನೂ ಉಳಿಯಲಿಲ್ಲ. ನಲವತ್ತು ವರ್ಷ ಜೊತೆಗಿದ್ದವಳಿಗೆ ಏನು ಬೇಕಿತ್ತು ಎನ್ನುವುದು ನಾಲ್ಕು ಮಾತಿಗೆ ಮುಗಿದುಹೋಗಿತ್ತು.

ಕಾಗೆ ಬಾರದಿದ್ದರೆ ಅದಕ್ಕೂ ಒಂದು ದಾರಿ ಉಂಟು. ದರ್ಭೆಯಲ್ಲಿ ಕಾಗೆಯಂಥದ್ದೊಂದು ಹೆಣೆದು ಅದರಿಂದ ಪಿಂಡ ಮುಟ್ಟಿಸುತ್ತಾರೆ. ಗುರೂಜಿ ಹುಲ್ಲು ಹೆಣೆಯತೊಡಗಿದ್ದರು. ಅಷ್ಟರಲ್ಲಿ ಒಂದು ಕಡಲಹಕ್ಕಿ ನೀರಿನ ಕಡೆಯಿಂದ ಓರೆಯಾಗಿ ಬಂದು, ಅರ್ಧ ಪಿಂಡವನ್ನು ಕಚ್ಚಿಕೊಂಡು ಹಾರಿಹೋಯಿತು.

“ಹೇ ಚಾಲತ ನಾಹೀ,” ಇದು ನಡೆಯುವುದಿಲ್ಲ ಅಂದರು ಗುರೂಜಿ. ಹುಲ್ಲಿನ ಕಾಗೆಯನ್ನು ಉಳಿದರ್ಧಕ್ಕೆ ಮುಟ್ಟಿಸಿ, “ಝಾಲಂ,” ಆಯಿತು ಎಂದು ಎದ್ದರು.

ಆದರೆ ಮಾಮನಿಗೆ ಆಗಿರಲಿಲ್ಲ. ಅವತ್ತು ಸಂಜೆ ನಮ್ಮ ಬಾಗಿಲಿಗೆ ಬಂದು ನಿಂತರು. “ವಕೀಲಮ್ಮ, ನೀನೇ ಒಂದು ತೀರ್ಮಾನ ಹೇಳು. ಅವಳು ತಗೊಂಡಳಾ ಇಲ್ವಾ?”

ನನಗೆ ಪ್ರೇತದಲ್ಲೂ ನಂಬಿಕೆಯಿಲ್ಲ, ಕಾಗೆಯಲ್ಲೂ ಇಲ್ಲ. ಹಾಗೆಂದು ಹೇಳಿ ಬಾಗಿಲು ಹಾಕಬಹುದಿತ್ತು. ಆದರೆ ವಾದ ತನ್ನಷ್ಟಕ್ಕೆ ತಾನೇ ನಾಲಿಗೆಗೆ ಬಂದಿತ್ತು. “ಮಾನ್ಯ ಅಧ್ಯಕ್ಷರೇ, ಹುಲ್ಲಿನ ಕಾಗೆ ನಡೆಯುತ್ತದೆ ಎಂದು ಗುರೂಜಿಯೇ ಒಪ್ಪಿದ್ದಾರೆ. ಅಂದರೆ ಮುಟ್ಟುವುದು ಕಾಗೆಯೇ ಆಗಬೇಕೆಂದಿಲ್ಲ. ಜೀವವಿಲ್ಲದ, ಹಸಿವಿಲ್ಲದ ಹುಲ್ಲು ನಡೆಯುವುದಾದರೆ, ಸಾವಿರಾರು ಮೈಲಿ ಹಾರಿ ಬಂದು ಹಸಿದು ತಿಂದ ಹಕ್ಕಿ ಯಾಕೆ ನಡೆಯಬಾರದು?”

ಮಾಮ ಹತ್ತು ದಿನಗಳಲ್ಲಿ ಮೊದಲ ಬಾರಿಗೆ ನಕ್ಕರು. “ಗೆದ್ದೆ ನೀನು” ಅಂದರು. ನಕ್ಕ ಬಾಯಿ ಹಾಗೆಯೇ ಇತ್ತು, ಕಣ್ಣಿನಲ್ಲಿ ನೀರು ಬಂತು. “ಅವಳು ಪ್ರತಿ ಚಳಿಗಾಲ ಹೇಳ್ತಿದ್ದಳು, ಘಾಟಿಗೆ ಹೋಗುವ, ಹಕ್ಕಿ ಬಂದಿದೆಯಂತೆ ಅಂತ. ನಾನು ನಾಳೆ ನಾಳೆ ಅಂತಿದ್ದೆ. ಅಲ್ಲಿ ಹೇಳುವಾಗ ಅದೊಂದು ನೆನಪೇ ಆಗಲಿಲ್ಲ ನೋಡು.”

ಒಳಗಿಂದ ಅವ್ವ ಅಂದಳು, “ಹಕ್ಕಿ ನೋಡಾಕಲ್ರೀ ಅಣ್ಣಾರ. ಅಲ್ಲಿ ಮೀನ ಅಗ್ಗ ಸಿಗತಾವು, ಹೋಗೂಣು ಬಾ ಅಂತ ನನಗೂ ಕರೀತಿದ್ಲು ಅಕಿ.”

“ಮೀನು ಬೇರೆ, ಹಕ್ಕಿ ಬೇರೆ,” ಅಂದರು ಮಾಮ. ಆದರೆ ಅವರ ಮುಖದಲ್ಲಿ ಅಷ್ಟು ಖಾತ್ರಿ ಇರಲಿಲ್ಲ. ಯಾರು ಸರಿಯೋ... ಮಾಮಿಯನ್ನು ಕೇಳುವ ಹಾಗಿರಲಿಲ್ಲ.

ಮರುದಿನದಿಂದ ಬೆಳಿಗ್ಗೆ ಎದುರುಮನೆಯಿಂದ ಇಡ್ಲಿ ಬೇಯುವ ವಾಸನೆ ಬರತೊಡಗಿತು. ಮಾಮ ಒಂದು ಡಬ್ಬಿ ತುಂಬ ಇಡ್ಲಿ ಹಿಡಿದು, ಶೇರ್ ರಿಕ್ಷಾದಲ್ಲಿ ಘಾಟಿಗೆ ಹೋಗುತ್ತಿದ್ದರು. ಉಳಿದವರೆಲ್ಲ ಗಾಠಿಯಾ ಎರಚುವಲ್ಲಿ ಇವರದು ಇಡ್ಲಿ, ಅದೂ ಉಪ್ಪಿಲ್ಲದ್ದು. “ಎಣ್ಣೆ ಇಲ್ಲ, ಉಪ್ಪಿಲ್ಲ, ಸೋಡಾ ಇಲ್ಲ. ಇದು ಸೀಗಲ್ ಸ್ಪೆಷಲ್!” ಎನ್ನುತ್ತಿದ್ದರು. ಒಂದು ಭಾನುವಾರ ನಾನೂ ಹೋದೆ. ಅವರು ಇಡ್ಲಿ ಮುರಿದು ಮೇಲಕ್ಕೆ ಎಸೆಯುತ್ತಿದ್ದರು, ಹಕ್ಕಿಗಳು ಗಾಳಿಯಲ್ಲೇ ಹಿಡಿಯುತ್ತಿದ್ದವು. ಬೆಳ್ಳಕ್ಕಿಗಳು ಮಾತ್ರ ಆ ಕಡೆ ತಲೆ ಎತ್ತಿಯೂ ನೋಡಲಿಲ್ಲ. “ಅವು ಗಿರಾಕಿ ಅಲ್ಲ, ಇನ್ಸ್‌ಪೆಕ್ಟರ್‌ಗಳು,” ಅಂದರು ಮಾಮ. ಯಾವ ಹಕ್ಕಿ ಅವತ್ತು ಪಿಂಡ ತಿಂದದ್ದು ಎಂದು ತನಗೆ ಗೊತ್ತೆಂದು ಒಂದನ್ನು ತೋರಿಸಿದರು. ಅದು ಹಾರಿ ಗುಂಪಿಗೆ ಸೇರಿದ ಮೇಲೆ ಇನ್ನೊಂದನ್ನು ತೋರಿಸಿದರು. ನಾನು ತಿದ್ದಲಿಲ್ಲ. ಬೇಸಿಗೆಗೆ ಹಕ್ಕಿಗಳು ಹೋದವು. ಮುಂದಿನ ಚಳಿಗೆ ಅವು ಬಂದ ದಿನವೇ ಇಡ್ಲಿಯ ವಾಸನೆಯೂ ಬಂತು.

ಆ ಫೆಬ್ರವರಿಯಲ್ಲಿ ಡೊಂಬಿವಲಿಯ ಒಂದು ಕನ್ನಡ ಸಂಘದಲ್ಲಿ ಚರ್ಚಾಸ್ಪರ್ಧೆ. ವಿಷಯ: ಕಾಡುಹಕ್ಕಿಗಳಿಗೆ ಆಹಾರ ಹಾಕುವುದು ದಯೆಯಲ್ಲ. ಚೀಟಿ ಎತ್ತಿದೆ. ಪರ.

ಬಿಟ್ಟುಕೊಡಬಹುದಿತ್ತು. ಅದು ಆಗ ಹೊಳೆಯಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು, ಆದರೆ ವಾದ ಚೆನ್ನಾಗಿತ್ತು. ಹಕ್ಕಿ ಬೇಟೆಯ ಅಭ್ಯಾಸ ಮರೆಯುತ್ತದೆ ಅಂದೆ. ಮೀನು ತಿನ್ನುವ ಹೊಟ್ಟೆಗೆ ಹಿಟ್ಟು ತುಂಬಿಸುತ್ತೇವೆ, ಅದರ ಮೇಲೆ ದೂರದ ದಾರಿ ಹಾರಿಸುತ್ತೇವೆ ಅಂದೆ. ಕೊನೆಗೆ ಅಂದೆ: “ನಾವು ಹಕ್ಕಿಯ ಹೊಟ್ಟೆ ತುಂಬಿಸುತ್ತಿಲ್ಲ. ಸಮಯವಿದ್ದಾಗ ಮನುಷ್ಯರಿಗೆ ಮಾಡದೆ ಬಿಟ್ಟದ್ದನ್ನು, ಕೇಳಲು ಬಾರದ ಹಕ್ಕಿಯ ಬಾಯಿಗೆ ತುರುಕುತ್ತಿದ್ದೇವೆ.” ಸಭೆ ಚಪ್ಪಾಳೆ ಹೊಡೆಯಿತು. ಎರಡನೆಯ ಸಾಲಿನಲ್ಲಿ, ನನಗಾಗಿ ಫ್ಲಾಸ್ಕಿನಲ್ಲಿ ಚಹಾ ತಂದಿದ್ದ ಮಾಮನೂ ಹೊಡೆದರು.

ಬಹುಮಾನದ ಕಪ್ಪು ನನಗೇ ಬಂತು. ವಾಪಸು ಲೋಕಲ್‌ನಲ್ಲಿ ಕೂರಲು ಜಾಗವಿರಲಿಲ್ಲ. ಬಾಗಿಲ ಬಳಿ, ಕಪ್ಪನ್ನು ಮಾಮ ಎದೆಗೆ ಒತ್ತಿ ಹಿಡಿದು ನಿಂತಿದ್ದರು. ಠಾಕುರ್ಲಿ ಸ್ಟೇಷನ್ ದಾಟಿದ ಮೇಲೆ ಕೇಳಿದರು.

“ಇವತ್ತು ಹೇಳಿದ್ದು ಗೆಲ್ಲಲಿಕ್ಕಾ, ಅಲ್ಲ ನಿಜಕ್ಕೂ ಹಾಗೆಯಾ?”

“ನಿಜಕ್ಕೂ ಹಾಗೆಯೇ ಮಾಮ,” ಅಂದೆ. ಅದು ನಿಜವೇ ಆಗಿತ್ತು. ನಾನು ಓದಿದ್ದೆ.

“ಹಾಗಾದ್ರೆ ಅವತ್ತು ಹೇಳಿದ್ದು? ಹುಲ್ಲಿನ ಕಾಗೆಯದ್ದು?”

ನನಗೆ ಎಲ್ಲದಕ್ಕೂ ಉತ್ತರವಿರುತ್ತಿತ್ತು. ಅದಕ್ಕೂ ಇತ್ತು. ಅದು ವಾದದ ಸಲುವಾಗಿ ಹೇಳಿದ್ದು ಎನ್ನಬಹುದಿತ್ತು. ಎರಡೂ ಬೇರೆ ಬೇರೆ ಪ್ರಶ್ನೆ, ಒಂದು ಇನ್ನೊಂದನ್ನು ಅಲ್ಲಗಳೆಯುವುದಿಲ್ಲ ಎಂದೂ ಹೇಳಬಹುದಿತ್ತು, ಮತ್ತು ಅದೇ ಸರಿಯಾದ ಉತ್ತರ. ಆದರೆ ಆ ಮುಖಕ್ಕೆ ಯಾವುದನ್ನು ಹೇಳಬೇಕೆಂದು ಆರಿಸುವಷ್ಟರಲ್ಲಿ ಕಲ್ಯಾಣ ಬಂತು, ಹಿಂದಿನವರು ನಮ್ಮನ್ನು ತಳ್ಳಿ ಪ್ಲಾಟ್‌ಫಾರ್ಮಿಗೆ ಇಳಿಸಿದರು.

ಮರುದಿನ ಬೆಳಿಗ್ಗೆ ಇಡ್ಲಿಯ ವಾಸನೆ ಬರಲಿಲ್ಲ.

ಘಾಟಿಗೆ ಮಾತ್ರ ಅವರು ಹೋಗುತ್ತಲೇ ಇದ್ದರು, ಖಾಲಿ ಕೈಯಲ್ಲಿ. “ಎರಡು ಸುತ್ತು ಹೊಡೆದು ನೋಡ್ತಾವೆ, ಕೈ ಖಾಲಿ ಅಂತ ಗೊತ್ತಾದ ಮೇಲೆ ಗಾಠಿಯಾದವರ ಹತ್ರ ಹೋಗ್ತಾವೆ. ಗಿರಾಕಿಯೇ ಅಲ್ವಾ,” ಅಂದರು ಒಮ್ಮೆ, ತಮಾಷೆಯಂತೆ. ಇಡ್ಲಿ ತೆಗೆದುಕೊಂಡು ಹೋಗಿ ಎಂದು ನಾನು ಹೇಳಬೇಕಿತ್ತೇ? ಹೇಳಿದ್ದರೆ ಅದು ಮೂರನೆಯ ಪಕ್ಷವಾಗುತ್ತಿತ್ತು. ಹೇಳಲಿಲ್ಲ.

ಆ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ಸೀವುಡ್ಸ್‌ನಲ್ಲಿದ್ದ ಮಗಳು ಬಂದು ಕರೆದುಕೊಂಡು ಹೋದಳು. ಮಾಮ ವಾಪಸು ಬರಲಿಲ್ಲ. ಇಡ್ಲಿ ನಿಂತದ್ದಕ್ಕೂ ಜ್ವರಕ್ಕೂ ಸಂಬಂಧವಿಲ್ಲ. ಒಂದಾದ ಮೇಲೆ ಇನ್ನೊಂದು ನಡೆಯಿತು ಎಂದ ಮಾತ್ರಕ್ಕೆ ಮೊದಲನೆಯದೇ ಕಾರಣ ಎನ್ನುವುದು ತರ್ಕದ ತಪ್ಪು. ಇದನ್ನು ನಾನು ನನಗೇ ಎಷ್ಟು ಸಲ ಹೇಳಿಕೊಂಡಿದ್ದೇನೆ ಎಂದರೆ, ಅಷ್ಟು ಸಲ ಹೇಳಬೇಕಾದ ಮಾತಿನ ಮೇಲೆಯೇ ಈಗ ಅನುಮಾನ.

ಹತ್ತನೆಯ ದಿನ ಅದೇ ಘಾಟು. ಮಗಳೇ ಮುಂದೆ ನಿಂತು ಎಲ್ಲ ಮಾಡಿಸಿದಳು. ಮಳೆ, ಕೆಂಪು ನೀರು. ಕಡಲಹಕ್ಕಿಗಳು ಯಾವಾಗಲೋ ಉತ್ತರಕ್ಕೆ ಹೋಗಿಯಾಗಿತ್ತು. ಒದ್ದೆ ಕಾಗೆಗಳೆರಡು ತಂತಿಯ ಮೇಲೆ ಮುದುಡಿ ಕೂತಿದ್ದವು. ಪಿಂಡ ಇಟ್ಟಾಯಿತು. ಮಗಳು ತನಗೆ ತೋಚಿದ ಮಾತೆಲ್ಲ ಕೊಟ್ಟಳು. ಕಾಗೆಗಳು ಬರಲಿಲ್ಲ. ಅವಳು ತಿರುಗಿ ನನ್ನನ್ನು ನೋಡಿದಳು. “ತೂ ಬೋಲ್ ನಾ. ಪಪ್ಪಾ ಎಲ್ಲಾ ನಿನ್ನ ಹತ್ರಾನೇ ಹೇಳ್ತಿದ್ರು.”

ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಅವ್ವ ಮೆಲ್ಲಗೆ ಬೆನ್ನಿಗೆ ತಿವಿದಳು. “ಒಂದ ಮಾತ ಅನ್ನಲೇ. ನಿನಗೇನ ಬಾಯಿ ಇಲ್ಲೇನ?”

ಅವರಿಗೆ ಏನು ಉಳಿದಿತ್ತು ಎಂದು ಆ ಘಾಟಿನಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ನಮ್ಮ ಬಾಗಿಲಲ್ಲಿ ಕೇಳಿ, ಲೋಕಲ್‌ನಲ್ಲಿ ಮತ್ತೆ ಎತ್ತಿದ ಪ್ರಶ್ನೆ. ಮಾಮಿ ತಗೊಂಡಳಾ ಇಲ್ಲವಾ. ‘ತಗೊಂಡಳು ಮಾಮ’ ಎಂದರೆ ಎರಡೇ ಪದ. ನಂಬಿಕೆಯಿಲ್ಲದೆ ಹೇಳುವುದು ನನಗೆ ಹೊಸತೂ ಅಲ್ಲ. ವರ್ಷಗಟ್ಟಲೆ ಅದನ್ನೇ ಮಾಡಿ ಕಪ್ಪು ತಂದವಳು. ಆದರೆ ಬಾಯಿ ಬರಲಿಲ್ಲ. ಮೊದಲ ಬಾರಿಗೆ ನಿಜವಾಗಿಯೂ ಹೇಳಬೇಕೆನಿಸಿತ್ತು, ಹೇಳಿದರೆ ಅದೂ ಗೆಲ್ಲಲಿಕ್ಕೆ ಹೇಳಿದಂತೆ ಕೇಳಿಸೀತು ಎಂಬ ಭಯ.

ಗುರೂಜಿ ಮಳೆಗೆ ಬೆನ್ನು ಕೊಟ್ಟು ಹುಲ್ಲು ಹೆಣೆದರು. ಹುಲ್ಲಿನ ಕಾಗೆ ಪಿಂಡ ಮುಟ್ಟಿತು. “ಝಾಲಂ.”

ಹುಲ್ಲು ನಡೆಯುವುದಾದರೆ ಜೀವವಿರುವ ಹಕ್ಕಿ ಯಾಕೆ ನಡೆಯಬಾರದು ಎಂದು ವಾದಿಸಿದವಳು ನಾನು. ಆಗ ಹುಲ್ಲನ್ನು ಒಪ್ಪಿದ್ದು ಎದುರಿನವರ ಮಾತಿನಿಂದಲೇ ಅವರನ್ನು ಕಟ್ಟಿಹಾಕಲು ಮಾತ್ರ. ಅವತ್ತು ಮಳೆಯಲ್ಲಿ ನಿಂತು, ಆ ಹುಲ್ಲು ನಿಜಕ್ಕೂ ನಡೆಯಲಿ, ಇದೊಂದು ಸಲ ನಡೆದುಬಿಡಲಿ ಎಂದು ಬೇಡಿಕೊಳ್ಳುತ್ತಿದ್ದೆ. ಯಾರನ್ನು ಬೇಡಿಕೊಂಡೆ ಎಂದು ಈಗಲೂ ಗೊತ್ತಿಲ್ಲ...

ಪೊಟ್ಟಣವನ್ನು ಈಗ ಬ್ಯಾಗಿನಿಂದ ತೆಗೆದು ಮೇಜಿನ ಮೇಲಿಟ್ಟಿದ್ದೇನೆ. ಕಾಗದದ ಆಚೆಗೂ ಎಣ್ಣೆ ಬಂದಿದೆ. ಹಕ್ಕಿಗಳಿಗೆ ಇದು ಒಳ್ಳೆಯದಲ್ಲ. ಆ ವಾದದಲ್ಲಿ ನಾನು ಈಗಲೂ ಒಂದು ಅಕ್ಷರ ಬಿಟ್ಟುಕೊಡುವುದಿಲ್ಲ. ಹೋದ ಭಾನುವಾರ ಅವ್ವ ಹಿಟ್ಟು ರುಬ್ಬಿಟ್ಟಿದ್ದಳು, ಇಡ್ಲಿಗೆ ಇಟ್ಟವಳು ನಾನು. ಒಂದು ತುತ್ತು ಬಾಯಿಗಿಟ್ಟು ಅವ್ವ ಕೇಳಿದಳು, “ಉಪ್ಪ ಹಾಕಿಲ್ಲಲ್ಲ?” ಮರೆತೆ ಅಂದೆ. ಅವ್ವ ಎದುರುಮನೆಯ ಬಾಗಿಲ ಕಡೆ ಒಮ್ಮೆ ನೋಡಿ, ಚಟ್ನಿಗೆ ಇನ್ನಷ್ಟು ಉಪ್ಪು ಹಾಕಿಕೊಂಡು ತಿಂದಳು. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ.

ಯಾವ ಪಕ್ಷ ವಕೀಲಮ್ಮ, ಎಂದು ಮಾಮ ಈಗ ಸ್ಟೂಲು ತಂದು ಕೂತರೆ, ಗೊತ್ತಿಲ್ಲ ಮಾಮ ಎನ್ನುತ್ತಿದ್ದೆ. ಆ ಮಾತನ್ನು ಅವರು ನನ್ನ ಬಾಯಿಂದ ಒಮ್ಮೆಯೂ ಕೇಳಲಿಲ್ಲ.