ಅಮಲ್ದಾರರು ತೆಗೆದ ಬಾಗಿಲು

ಯಾವ ಪತ್ರಿಕೆಯ ನೌಕರಿಯೂ ಇಲ್ಲದ ಪತ್ರಕರ್ತ ನಾನು. ನಲವತ್ತರ ದಶಕದಲ್ಲಿ ದೊಡ್ಡಬಳ್ಳಾಪುರದಲ್ಲಿ ಒಂದು ಬಾಡಿಗೆ ಕೋಣೆ, ಒಂದು ಸೈಕಲ್ಲು, ಒಂದು ಮಸಿ ಕುಡಿಕೆ, ಇಷ್ಟೇ ನನ್ನ ಕಚೇರಿ. ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂದು ತಿರುಗಿ, ಸಿಕ್ಕಿದ ಸುದ್ದಿಯನ್ನು ಬರೆದು ಬೆಂಗಳೂರಿನ ಎರಡು ಮೂರು ಪತ್ರಿಕೆಗಳಿಗೆ ಕಳಿಸುತ್ತಿದ್ದೆ. ಹಾಕಿದರೆ ಸಂತೋಷ. ಹಾಕದಿದ್ದರೆ ಸಂಪಾದಕನಿಗೆ ಬುದ್ಧಿಯಿಲ್ಲ ಎಂದುಕೊಂಡು ಮತ್ತೆ ಸೈಕಲ್ ಹತ್ತುವುದು.

ಭಾನುವಾರ ಮಾತ್ರ ನಾನು ಗುರು. ಮಿಡ್ಲ್ ಸ್ಕೂಲಿನ ಒಂದು ಕೊಠಡಿಯಲ್ಲಿ ಸುತ್ತಲ ಹಳ್ಳಿಗಳ ಆರೇಳು ಮೇಷ್ಟ್ರುಗಳಿಗೆ ಸುದ್ದಿ ಬರೆಯುವುದನ್ನು ಹೇಳಿಕೊಡುತ್ತಿದ್ದೆ. ವಾರವೆಲ್ಲ ಮಕ್ಕಳನ್ನು ಗದರಿಸಿ ಬಂದವರಿಗೆ ಅಲ್ಲಿ ಗದರಿಸಿಕೊಳ್ಳುವ ಸರದಿ. ಯಾರಾದರೂ 'ಅಪಾರ ಜನಸ್ತೋಮ' ಎಂದು ಬರೆದು ತಂದರೆ, "ಎಷ್ಟು ಜನ? ಎಣಿಸಿದ್ರಾ?" ಎಂದು ಕೇಳಿ ಅಡ್ಡಗೀಟು ಎಳೆಯುತ್ತಿದ್ದೆ. ಕರಿಹಲಗೆಯ ಮೇಲ್ತುದಿಯಲ್ಲಿ ಪ್ರತಿ ವಾರವೂ ಒಂದೇ ಮಾತು: ಕಣ್ಣಿಂದ ನೋಡಿದ್ದನ್ನು ಬರೆಯಿರಿ, ನೋಡದ್ದನ್ನು ಬಿಡಿ.

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಯುದ್ಧದ ಕಾಲ, ಪೆಟ್ರೋಲ್ ಇಲ್ಲದೆ ಇದ್ದಿಲ ಗ್ಯಾಸಿನಲ್ಲಿ ಕೆಮ್ಮುತ್ತಾ ಓಡುವ ಬಸ್ಸು ಮಧ್ಯಾಹ್ನ ಎರಡು ಗಂಟೆಗೆ ಬೆಂಗಳೂರಿಗೆ ಹೊರಡುತ್ತಿತ್ತು. ನನ್ನ ಲಕೋಟೆ ಕಂಡಕ್ಟರನ ಕೈ ಸೇರಿದರೆ ಮಾರನೆಯ ದಿನದ ಪತ್ರಿಕೆಯಲ್ಲಿ ಸುದ್ದಿ. ಆದರೆ ನಮ್ಮ ಕಡೆಯ ಸಭೆಗಳೆಲ್ಲ ನಡೆಯುವುದು ಸಾಯಂಕಾಲ. ಹಾಗಾಗಿ ಆಹ್ವಾನಪತ್ರಿಕೆಯನ್ನು ಮುಂದಿಟ್ಟುಕೊಂಡು ಬೆಳಿಗ್ಗೆಯೇ ವರದಿ ಬರೆದು ಕಳಿಸಿ, ಆಮೇಲೆ ಸಭೆಗೆ ಹೋಗುತ್ತಿದ್ದೆ. ಸ್ವಾಗತ, ಉದ್ಘಾಟನೆ, ಭಾಷಣ, ವಂದನೆ. ಇದರಲ್ಲಿ ತಪ್ಪುವುದಾದರೂ ಏನು? ಎರಡು ವರ್ಷ ಒಂದೂ ತಪ್ಪಿರಲಿಲ್ಲ. ಈ ಗುಟ್ಟು ನನ್ನ ಶಿಷ್ಯರಿಗೆ ಗೊತ್ತಿರಲಿಲ್ಲ.

ಆ ಶಿಷ್ಯರಲ್ಲಿ ಸಾಸಲು ಎಂಬ ಹಳ್ಳಿಯ ಮೇಷ್ಟ್ರು ಒಬ್ಬರು. ಊರಿಗೊಂದು ವಾಚನಾಲಯ ಆಗಲೇಬೇಕೆಂದು ಹಟ ಹಿಡಿದವರು. ಊರಿನ ಒಬ್ಬ ವಿಧವೆ, ಎಲ್ಲರೂ ದೊಡ್ಡವ್ವ ಎನ್ನುವ ಹೆಂಗಸು, ತನ್ನ ಕೊಟ್ಟಿಗೆಯ ಪಕ್ಕದ ಕೋಣೆಯನ್ನು ಬಿಟ್ಟುಕೊಟ್ಟಳು. ಉದ್ಘಾಟನೆಗೆ ತಾಲ್ಲೂಕಿಗೇ ದೊಡ್ಡ ಅಧಿಕಾರಿಯಾದ ಅಮಲ್ದಾರರು ಒಪ್ಪಿದರು. ನಾನು ಅಭ್ಯಾಸದಂತೆ ಬೆಳಿಗ್ಗೆ ಕುಳಿತು, ಅಮಲ್ದಾರರು ಅಮೃತಹಸ್ತದಿಂದ ಬಾಗಿಲು ತೆರೆದರೆಂದೂ ಜ್ಞಾನದ ಮಹತ್ವವನ್ನು ಕುರಿತು ಸುದೀರ್ಘವಾಗಿ ಮಾತನಾಡಿದರೆಂದೂ ಬರೆದು, ಬಸ್ಸಿಗೆ ಕೊಟ್ಟು, ಸಾಸಲಿನ ದಾರಿ ಹಿಡಿದೆ.

ನಾಲ್ಕು ಗಂಟೆಗೆ ಊರೆಲ್ಲ ಬಾಗಿಲ ಮುಂದೆ ನಿಂತಿತ್ತು. ಐದಕ್ಕೆ ಜವಾನನೊಬ್ಬ ಬಂದು, ಸಾಹೇಬರು ಜರೂರು ಕೆಲಸದ ಮೇಲೆ ಬೆಂಗಳೂರಿಗೆ ಹೋದರು, ನೀವೇ ನಡೆಸಿಕೊಳ್ಳಬೇಕಂತೆ ಎಂದ. ಆ ಹೊತ್ತಿಗೆ ಲಕೋಟೆ ಸಂಪಾದಕನ ಮೇಜಿನ ಮೇಲಿತ್ತು.

ಪಟೇಲರು ಮಾವಿನ ತೋರಣ ಸರಿಸಿ ಬಾಗಿಲು ತಳ್ಳಿದರು. ಅಲ್ಲಾಡಲಿಲ್ಲ. ಮೇಷ್ಟ್ರು ತಳ್ಳಿದರು, ಇಬ್ಬರು ಗಟ್ಟಿಗರು ಭುಜ ಕೊಟ್ಟರು. ಊಹೂಂ.

"ಅತ್ಲಾಗೆ ಸರೀರಿ, ಮುರಿದು ಹಾಕ್ಬಿಟ್ಟೀರಿ" ಎನ್ನುತ್ತಾ ದೊಡ್ಡವ್ವ ಮುಂದೆ ಬಂದಳು. ಎರಡೂ ಕೈಯಿಂದ ಬಾಗಿಲನ್ನು ಒಂದಿಷ್ಟು ಮೇಲಕ್ಕೆತ್ತಿ, ಎಡಗಾಲಿನಿಂದ ಬುಡಕ್ಕೆ ಒಂದು ಒದೆ ಕೊಟ್ಟಳು. ಬಾಗಿಲು ತೆರೆದುಕೊಂಡಿತು. ಜನ ಬಿದ್ದು ಬಿದ್ದು ನಕ್ಕರು. ಅಷ್ಟು ಒಳ್ಳೆಯ ಉದ್ಘಾಟನೆಯನ್ನು ನಾನು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಮಂಡಕ್ಕಿ ಹಂಚುವಾಗ ಅವಳು ನನ್ನ ಹತ್ತಿರ ಬಂದಳು. "ಇದು ಪೇಪರ್‌ನಾಗೆ ಬರ್ತದಾ ಸ್ವಾಮಿ? ಮಗ ಮಿಲಿಟ್ರಿನಾಗವ್ನೆ, ಸಮುದ್ರದಿಂದಾಚೆ. ಕಾಗ್ದದ ಜೊತೆ ಕಳಿಸ್ಬೇಕು. ನಮ್ಮವ್ವನ ಹೆಸ್ರು ಅಚ್ಚಾಗೈತೆ ಅಂತ ಖುಷಿ ಪಡ್ತಾನೆ."

"ಬರ್ತದವ್ವ" ಎಂದೆ.

ಪತ್ರಿಕೆ ಸಾಸಲು ತಲಪುವ ದಿನ, ಹೇಗಾದರೂ ಮಾಡಿ ಅದನ್ನು ಮೊದಲೇ ಕೈಗೆ ತೆಗೆದುಕೊಳ್ಳಬೇಕೆಂದು ಸೈಕಲ್ ತುಳಿದೆ. ದಾರಿಯಲ್ಲಿ ಟ್ಯೂಬು ಕೈಕೊಟ್ಟಿತು. ನಾನು ಹೋಗುವಷ್ಟರಲ್ಲಿ ವಾಚನಾಲಯದ ತುಂಬ ಜನ. ಮೇಷ್ಟ್ರು ನಮ್ಮೂರ ಸುದ್ದಿ ಬಂದಿದೆ ಎಂದು ಗಟ್ಟಿಯಾಗಿ ಓದಲು ಶುರುಮಾಡಿದ್ದರು. ಅಮಲ್ದಾರರ ಭಾಷಣಕ್ಕೆ ಬಂದಾಗ ಅವರ ದನಿ ತಗ್ಗುತ್ತಾ ಹೋಯಿತು.

"ಅಮಲ್ದಾರ್ರು ಯಾವಾಗ್ ಬಂದ್ರು ಮೇಷ್ಟ್ರೇ? ನಾವ್ ಆಕಳಿಸ್ತಿದ್ದಾಗ ಬಂದು ಹೋದ್ರಾ?" ಎಂದ ಒಬ್ಬ. ಎಲ್ಲರೂ ನಕ್ಕರು.

ದೊಡ್ಡವ್ವ ನಗಲಿಲ್ಲ. "ನನ್ದು ಎಲ್ಲೈತೆ, ಓದಪ್ಪ" ಎಂದಳು. ಮೇಷ್ಟ್ರು ನನ್ನ ಕಡೆ ನೋಡಿದರು. ಕರಿಹಲಗೆಯ ಆ ಮಾತು ಅವರ ಕಣ್ಣಲ್ಲೇ ಬರೆದಿತ್ತು. ನನಗೆ ನಾಚಿಕೆಯಾಯಿತು. ಸಬೂಬು ನಾಲ್ಕೈದು ಹೊಳೆದವು. ಒಂದನ್ನೂ ಹೇಳದೆ, ಹೇಗೆ ಬರೆದೆ ಎಂಬುದನ್ನು ಅವರೆಲ್ಲರ ಮುಂದೆ ಒಪ್ಪಿಕೊಂಡೆ.

ಆ ಭಾನುವಾರ ಪಾಠಕ್ಕೆ ನನ್ನದೇ ವರದಿ. ಶಿಷ್ಯರು ಎರಡು ವರ್ಷದ ಬಡ್ಡಿ ಸೇರಿಸಿ ತೀರಿಸಿಕೊಂಡರು. "ಸಾರ್, ಸುದೀರ್ಘ ಅಂದ್ರೆ ಎಷ್ಟು ನಿಮಿಷ? ಗಡಿಯಾರ ನೋಡಿದ್ರಾ?" ಎಂದು ಒಬ್ಬರು ಬಹಳ ವಿನಯದಿಂದ ಕೇಳಿದರು. ಸರಿಯಾದ ಸುದ್ದಿಯನ್ನು ಎಲ್ಲರೂ ಬರೆಯಿರಿ ಎಂದೆ. ಸಾಸಲಿನ ಮೇಷ್ಟ್ರದೇ ಚೆನ್ನಾಗಿತ್ತು: ಆರು ಸಾಲು, ಅದರಲ್ಲಿ ದೊಡ್ಡವ್ವನ ಪೂರ್ತಿ ಹೆಸರು, ಆ ಒದೆತ. ನನ್ನ ತಪ್ಪೊಪ್ಪಿಗೆಯ ಜೊತೆ ಅದನ್ನು ಸಂಪಾದಕರಿಗೆ ಕಳಿಸಿದೆ. ಸುದ್ದಿ ಅಚ್ಚಾಯಿತು. ನನಗೆ ಒಂದು ಕಾರ್ಡು ಬಂತು: ಇನ್ನು ಮುಂದೆ ಸಾಸಲಿನ ಸುದ್ದಿಯನ್ನು ಆ ಮೇಷ್ಟ್ರೇ ಕಳಿಸಲಿ. ಎರಡು ದಿನ ಸಂಪಾದಕನನ್ನು ಬೈದುಕೊಂಡೆ. ಮೂರನೆಯ ದಿನ, ಶಿಷ್ಯ ಗೆದ್ದರೆ ಗುರುವಿಗೂ ಒಂದು ಪಾಲು ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ದೊಡ್ಡವ್ವ ಎರಡು ತುಣುಕನ್ನೂ ಕತ್ತರಿಸಿ, ಮೊದಲು ಬಂದದ್ದನ್ನು ಮೊದಲು, ಆಮೇಲಿನದನ್ನು ಆಮೇಲೆ ಮಗನಿಗೆ ಕಳಿಸಿದ್ದಳಂತೆ. ತಿಂಗಳುಗಳ ಮೇಲೆ ಅವನ ಉತ್ತರ ಬಂದಾಗ ಮೇಷ್ಟ್ರು ನನಗೂ ಹೇಳಿಕಳಿಸಿದರು. ವಾಚನಾಲಯದಲ್ಲಿ ಎಲ್ಲರೆದುರು ಓದಿದರು:

"ಅವ್ವಾ, ಎರಡನೇ ಪೇಪರ್ ಬರೋಕೆ ಮುಂಚೆನೇ ನಂಗೆ ಗೊತ್ತಾಗಿತ್ತು. ಮೊದಲನೇದ್ನ ಓದಿ ನಮ್ಮ ಜೊತೆಯವರಿಗೆ ಹೇಳ್ದೆ, ಇದು ಸುಳ್ಳು ಕಣ್ರೋ, ಆ ಬಾಗಿಲು ನಮ್ಮವ್ವಂಗಲ್ದೆ ಇನ್ಯಾರಿಗೂ ತೆಗೆಯಾಕೆ ಬರಾಕಿಲ್ಲ ಅಂತ."

ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಸಮುದ್ರದಾಚೆ ಕುಳಿತವನಿಗೆ ತಿಳಿದಿದ್ದ ಸಂಗತಿ, ಸೈಕಲ್ ದೂರದಲ್ಲಿದ್ದ ನನಗೆ ತಿಳಿದಿರಲಿಲ್ಲ.

ಜನ ಕರಗಿದ ಮೇಲೆ ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಎರಡೂ ಕೈಯಿಂದ ಮೇಲಕ್ಕೆತ್ತಿ, ಎಡಗಾಲಿನಿಂದ ಒದ್ದೆ. ತೆರೆಯಲಿಲ್ಲ. ಇನ್ನೊಂದು ಸಲ ಒದ್ದು, ಆಮೇಲೆ ದೊಡ್ಡವ್ವನನ್ನು ಕೂಗಿದೆ.