ಹುಳ ಸಾಕುವ ತಂಗಿ, ಪಂಪು ಇಳಿಸಿದ ಅಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮನೆಯ ಹಿಂಬದಿಯ ಕೋಣೆಯ ಬಾಗಿಲಲ್ಲಿ ನನ್ನನ್ನು ತಡೆದು ನಿಲ್ಲಿಸಿದವರು ಮನೆಯ ಹಿರಿಯ ಅತ್ತೆ. ನನ್ನ ತೋಳಿನ ಹತ್ತಿರ ಮೂಗು ತಂದು ಒಮ್ಮೆ ಮೂಸುತ್ತಾರೆ. "ಏನೋ ಬಳ್ಕೊಂಡು ಬಂದಿದ್ದೀರ," ಎನ್ನುತ್ತಾರೆ. ಸೊಳ್ಳೆ ಕಚ್ಚದಿರಲೆಂದು ಹಚ್ಚಿಕೊಂಡ ಕ್ರೀಮು. "ಮೊಣಕೈವರೆಗೂ ತೊಳ್ಕೊಂಡು ಬನ್ನಿ. ನಮ್ಮನೇಲಿ ನೆಂಟರಿಗಿಂತ ಹುಳಕ್ಕೇ ಮರ್ಯಾದೆ ಜಾಸ್ತಿ." ನಲ್ಲಿಯ ತಣ್ಣೀರಿಗೆ ಕೈಯೊಡ್ಡಿ ನಿಂತಾಗ ಪತ್ರಕರ್ತೆಯೆಂಬ ನನ್ನ ಗತ್ತೆಲ್ಲ ಆ ನೀರಿನ ಜತೆಗೇ ಮೋರಿ ಸೇರುತ್ತದೆ.

ಒಳಗೆ ದೀಪದ ಕೆಳಗೆ ಕತ್ತರಿ ಹಿಡಿದು ಕೂತಿರುವವರು ಈ ಅತ್ತೆಯ ಸೊಸೆ, ಸುತ್ತಲಿನ ಹೊಲದವರಿಗೆಲ್ಲ 'ಹುಳದಕ್ಕ'. ಗೋಡೆಯುದ್ದಕ್ಕೂ ಬಟ್ಟೆ ಕಟ್ಟಿದ ಮರದ ಪೆಟ್ಟಿಗೆಗಳು. ಅವುಗಳಲ್ಲಿ ಒಡೆದ ಜೋಳ, ಜೋಳದಲ್ಲಿ ಪತಂಗ. ಆ ಪತಂಗದ ಮೊಟ್ಟೆಗಳನ್ನು ಜರಡಿ ಹಿಡಿದು, ರಟ್ಟಿನ ಕಾರ್ಡಿಗೆ ಅಂಟಿಸಿ, ಗಾಜಿನ ಭರಣಿಯೊಳಗೆ ಕಣಜಗಳ ಜತೆ ಬಿಡುತ್ತಾರೆ. ಕಣಜ ಎಂದರೆ ಹೆದರಬೇಕಿಲ್ಲ. ಇದು ಈ ಪುಟದ ಪೂರ್ಣವಿರಾಮಕ್ಕಿಂತ ಚಿಕ್ಕದು, ಮನುಷ್ಯರ ತಂಟೆಗೆ ಬರುವುದಿಲ್ಲ. ಎಲ್ಲೇ ಪತಂಗದ ಮೊಟ್ಟೆ ಕಂಡರೂ ಅದರೊಳಗೆ ತನ್ನ ಮೊಟ್ಟೆ ಇಡುತ್ತದೆ. ಕಾರ್ಡನ್ನು ಹೊಲದಲ್ಲಿ ಎಲೆಯಡಿ ಸಿಕ್ಕಿಸಿದರೆ ಹೊರಬಂದ ಕಣಜಗಳು ಟೊಮೆಟೊ ಕೊರೆಯುವ ಹುಳುವನ್ನು, ಅದೂ ಒಂದು ಪತಂಗದ ಮರಿಯೇ, ಮೊಟ್ಟೆಯಲ್ಲೇ ಮುಗಿಸುತ್ತವೆ.

"ಮೊಟ್ಟೆ ಕಪ್ಪಾಯ್ತು ಅಂದ್ರೆ ಒಳಗೆ ನಮ್ಮವರು ಸೇರ್ಕೊಂಡಿದ್ದಾರೆ ಅಂತ," ಎಂದು ಅಕ್ಕ ಕಾರ್ಡೊಂದನ್ನು ಬೆಳಕಿಗೆ ಹಿಡಿಯುತ್ತಾರೆ. ಕಾರ್ಡು ಇಡೀ ಇದ್ದಿಲಪುಡಿ ಉದುರಿಸಿದ ಹಾಗೆ ಕಪ್ಪಗಿದೆ. ಖುಷಿಪಡಬೇಕಾದ ವಿಷಯ, ಆದರೆ ಅವರ ಮುಖದಲ್ಲಿ ಆತಂಕವಿದೆ. "ಇವು ನಾಳೆ ಹೊರಗೆ ಬರ್ಬೇಕಿತ್ತು. ಸೆಖೆ ಜಾಸ್ತಿಯಾಗಿ ಒಂದು ದಿನ ಮುಂಚೆನೇ ರೆಡಿಯಾಗ್ಬಿಟ್ಟಿವೆ. ಬಿಸಿಲೇರೋದ್ರೊಳಗೆ ಹೊಲ ಸೇರಿಸ್ಬೇಕು. ನಾಳೆ ಅಂತ ಎಲ್ಲರಿಗೂ ಹೇಳಿ ಕೂತಿದ್ದೀನಿ ನೋಡಿ!"

ಒಂದು ದಿನದ ಈ ಹೆಚ್ಚುಕಮ್ಮಿಗೆ ಇಷ್ಟೇಕೆ ಗಾಬರಿ ಎಂದು ತಿಳಿಯಲು ಇಲ್ಲಿನ ಕತೆ ಸ್ವಲ್ಪ ಗೊತ್ತಿರಬೇಕು. ಕಾಲುವೆಯ ಈ ಬದಿಯ ಹೊಲಗಳು ವರ್ಷಗಟ್ಟಲೆ ವಾರಕ್ಕೊಂದು ಸಲ ಸ್ಪ್ರೇ ಕಂಡ ಹೊಲಗಳು. ವಿಷಕ್ಕೆ ಔಷಧಿ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ, ಎಲ್ಲರ ಬಾಯಲ್ಲೂ ಅದೇ ನಿಂತಿದೆ. ಬರುಬರುತ್ತ ಹುಳುಗಳು ಔಷಧಿಗೆ ಜಗ್ಗದಾದವು, ಜೇನು ಮಾತ್ರ ಕಾಣೆಯಾಯಿತು. ಬಾವಿಯ ನೀರು ಕುಡಿಯಬಾರದೆಂದು ಪರೀಕ್ಷೆಯವರು ಹೇಳಿ ಹೋದರು. ಕೊನೆಗೊಂದು ದಿನ ಊರಿನ ಹೊಲಕ್ಕೆಲ್ಲ ಔಷಧಿ ಹೊಡೆಯುವ ವ್ಯಕ್ತಿಯೇ ಪಂಪು ಬೆನ್ನಲ್ಲಿರುವಂತೆಯೇ ಸಾಲಿನ ಮಧ್ಯೆ ಕುಸಿದುಬಿದ್ದರು. ಅವರು ಬೇರೆ ಯಾರೂ ಅಲ್ಲ, ಹುಳದಕ್ಕನ ಒಡಹುಟ್ಟಿದ ಅಣ್ಣ.

ಅಣ್ಣ ಬದುಕಿ ಬಂದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಾಯ್ದ ತಂಗಿ, ಕಣಜ ಸಾಕುವುದನ್ನು ಕಲಿಸುವ ತರಬೇತಿಗೆ ಹೆಸರು ಕೊಟ್ಟರು. ರೈತರ ಮನೆಮನೆಗೆ ತಿರುಗಿ, ಬೈಸಿಕೊಂಡು, ನಗೆಪಾಟಲಾಗಿ, ಅಂತೂ ಸ್ಪ್ರೇ ಕೈಬಿಡಲು ಅವರನ್ನು ಒಪ್ಪಿಸಿದರು. ಯಾರಿಗಾಗಿ ಇಷ್ಟೆಲ್ಲ ಮಾಡಿದರೋ ಆ ಅಣ್ಣನೇ ಮುನಿಸಿಕೊಂಡರು. ಅವರಿಗೆ ಗೊತ್ತಿದ್ದುದು ಅದೊಂದೇ ಕೆಲಸ. "ನನ್ನ ಹೊಟ್ಟೆ ಮೇಲೆ ಹೊಡೆದಳು" ಎಂದವರು ತಂಗಿಯ ಮನೆಯ ಹೊಸ್ತಿಲು ತುಳಿದಿಲ್ಲ.

ಮೊದಲ ಹಂಗಾಮೇ ಕೈಕೊಟ್ಟಿತು. ಪೆಟ್ಟಿಗೆಗಳ ನಡುವೆಯೇ ಮಲಗುತ್ತಿದ್ದ ಸೊಸೆಗೆ ಸೊಳ್ಳೆ ಕಚ್ಚುವುದನ್ನು ನೋಡಲಾರದೆ ಅತ್ತೆ ಪಕ್ಕದ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಿಟ್ಟರು. ಬೆಳಿಗ್ಗೆ ಭರಣಿಗಳ ತಳದಲ್ಲಿ ಸತ್ತ ಕಣಜಗಳ ಧೂಳು. ಹೊಲಕ್ಕೆ ಹೋಗಲು ಕಾರ್ಡೇ ಇರಲಿಲ್ಲ, ಟೊಮೆಟೊ ಹುಳುವಿನ ಪಾಲಾಯಿತು. "ಮಗಳ ಥರ ನೋಡ್ಕೊಂಡೆ ಕಣಮ್ಮ, ಅದೇ ತಪ್ಪಾಯ್ತು," ಎನ್ನುವಾಗ ಅತ್ತೆಯ ದನಿ ಈಗಲೂ ಒಡೆಯುತ್ತದೆ. ಇನ್ನೊಂದೇ ಒಂದು ಅವಕಾಶ ಎಂದು ರೈತರು ಕಡ್ಡಿ ಮುರಿದಂತೆ ಹೇಳಿದ್ದಾರೆ. ಈ ಸಲವೂ ಹುಳು ಬಿದ್ದರೆ ಅಟ್ಟ ಸೇರಿದ ಪಂಪುಗಳೆಲ್ಲ ಕೆಳಗಿಳಿಯುತ್ತವೆ.

ತಟ್ಟೆಗಟ್ಟಲೆ ಕಾರ್ಡು ಹೊತ್ತು ನಾವು ಹೊಲ ಸೇರುವಾಗ ಮೂಡಣ ಕೆಂಪಾಗಿದೆ. ಅಕ್ಕ ಬಾಗುತ್ತಾರೆ, ಎಲೆ ಮಗುಚುತ್ತಾರೆ, ಕಾರ್ಡು ಸಿಕ್ಕಿಸುತ್ತಾರೆ, ಮುಂದಿನ ಗಿಡಕ್ಕೆ ಹೋಗುತ್ತಾರೆ. ಇರುವೆ ಸಾಲು ಕಂಡ ಗಿಡವನ್ನು, ಕಾರ್ಡಿನ ಮೊಟ್ಟೆ ತಿಂದಾವೆಂದು, ಬಿಡುತ್ತಾರೆ. ಒಬ್ಬರ ಹೊಲ ಮುಗಿದು ಇನ್ನೊಬ್ಬರದು. ಕೊನೆಯ ಹೊಲದ ತಂತಿಬೇಲಿ ತಲುಪುವಾಗ ಮೂಗಿಗೆ ಏನೋ ಘಾಟು ಬಡಿಯುತ್ತದೆ. ನನಗೆ ತಿಳಿಯುವ ಮೊದಲೇ ಅವರು ನೆಟ್ಟಗೆ ನಿಂತುಬಿಟ್ಟಿದ್ದಾರೆ.

ಬೇಲಿಯಾಚೆ ಡ್ರಮ್ಮಿನಲ್ಲಿ ಔಷಧಿ ಕಲಸಿಯಾಗಿದೆ. ಪಂಪು ತುಂಬಿ ಬೆನ್ನಿಗೇರಿಸಿಕೊಂಡು ನಿಂತಿರುವವರು ಅಣ್ಣ. ಪಕ್ಕದಲ್ಲಿ ಆ ಹೊಲದ ರೈತ, ಸ್ಪ್ರೇ ಕೈಬಿಡಲು ಒಪ್ಪದೆ ಉಳಿದ ಒಬ್ಬನೇ ಒಬ್ಬ. ತನ್ನ ಎಲೆಗಳ ಮೇಲೆ ಹುಳುವಿನ ಮೊಟ್ಟೆ ಕಂಡು ಎರಡು ದಿನದಿಂದ ಅವನಿಗೆ ಊಟ ಸೇರಿಲ್ಲವಂತೆ.

"ಅಣ್ಣಾ, ಹೊಡೀಬೇಡ! ಕಾರ್ಡು ಹಾಕ್ಬಿಟ್ಟಿದ್ದೀನಿ," ಎಂದು ಅಕ್ಕ ಕೂಗುತ್ತಾರೆ.

"ನಾಳೆ ಹಾಕ್ತೀನಿ ಅಂದಿದ್ದು ನೀನೇ. ಅದಕ್ಕೇ ಇವತ್ತು ಹೊಡೆದು ಮುಗಿಸ್ತಿದ್ದೀನಿ," ಎನ್ನುತ್ತಾರೆ ಅಣ್ಣ, ತಂಗಿಯ ಮುಖ ನೋಡದೆ.

"ನನ್ನ ಹೊಲ, ನನ್ನ ಔಷಧಿ. ನಿಮ್ಮದೇನ್ರೀ ಅಕ್ಕಾ? ಹೊಡಿಯಣ್ಣ ನೀನು," ಎನ್ನುತ್ತಾನೆ ರೈತ.

ಅಣ್ಣ ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ಎದೆಯೆತ್ತರದಿಂದ ಉದುರಿಸುತ್ತಾರೆ. ಔಷಧಿ ಹೊಡೆಯುವ ಪ್ರತಿ ದಿನ ಮೊದಲು ಮಾಡುವ ಕೆಲಸ ಅದು. ಮಣ್ಣಿನ ಪುಡಿ ಸೀದಾ ಬೇಲಿ ದಾಟಿ ತಂಗಿಯ ಕಾಲ ಬಳಿ ಬೀಳುತ್ತದೆ. ಗಾಳಿ ಈ ಕಡೆಗಿದೆ. ಬೇಲಿಯ ಈಚೆ ಎಲೆಗಳಡಿ ಮೊಟ್ಟೆ ಒಡೆದು ಕಣಜಗಳು ಹೊರಡುವ ಹೊತ್ತು. ಈಗ ಹೊಡೆದರೆ ತಿಂಗಳ ಶ್ರಮವೆಲ್ಲ ಗಾಳಿಯಲ್ಲೇ ಸಾಯುತ್ತದೆ.

"ಗಾಳಿ ತಿರುಗ್ಲಿ," ಎಂದು ಅಣ್ಣ ಪಂಪು ಇಳಿಸುತ್ತಾರೆ.

"ಕಲಸಿದ್ದು ನಾಳೆಗೆ ಕೆಲಸಕ್ಕೆ ಬರಲ್ಲ. ಅದೂ ಗೊತ್ತಿಲ್ವಾ ನಿಂಗೆ? ಕೊಡಿಲ್ಲಿ, ನಾನೇ ಹೊಡೀತೀನಿ!"

ರೈತ ಪಂಪಿಗೆ ಕೈಹಾಕುತ್ತಾನೆ. ಅಣ್ಣ ಪಟ್ಟಿಯನ್ನು ಬಿಗಿಹಿಡಿಯುತ್ತಾರೆ. ಇಬ್ಬರೂ ಜಗ್ಗುವ ಭರಕ್ಕೆ ಪಂಪಿನ ಮುಚ್ಚಳದಂಚಿನಿಂದ ಬಿಳಿ ನೀರು ತುಳುಕಿ ಅಣ್ಣನ ಬರಿಗಾಲ ಮೇಲೆ ಚೆಲ್ಲುತ್ತದೆ. ಅಕ್ಕ ಚೀರಿ, ಕುಡಿಯಲು ತಂದಿದ್ದ ನೀರಿನ ಕ್ಯಾನು ಹಿಡಿದು, ತಂತಿಯ ಸಂದಿಯಲ್ಲೇ ನುಗ್ಗುತ್ತಾರೆ. ಸೀರೆ ಹರಿದದ್ದೂ ಅವರಿಗೆ ತಿಳಿಯುವುದಿಲ್ಲ. ಅಣ್ಣನ ಕಾಲ ಬಳಿ ಕೂತು ನೀರು ಸುರಿದು ತೊಳೆಯುತ್ತಾರೆ, ಮತ್ತೆ ತೊಳೆಯುತ್ತಾರೆ. ರೈತ ಕೈಬಿಟ್ಟು ಹಿಂದೆ ಸರಿಯುತ್ತಾನೆ. ಕೆಟ್ಟವನಲ್ಲ ಅವನು, ಹೆದರಿದವನು. ಬೆಳೆದದ್ದು ಕಣ್ಣೆದುರೇ ಹೋಗುವುದೆಂದರೆ ಯಾರಿಗಾದರೂ ಬುದ್ಧಿ ಕೆಡುತ್ತದೆ.

ಅಕ್ಕ ಎದ್ದು ನಿಂತು, ಬೇಲಿಯ ಈಚೆಯಿದ್ದ ನನ್ನ ಕೈಯಿಂದ ತಟ್ಟೆ ಇಸಿದುಕೊಂಡು, ಅದರಲ್ಲಿ ಉಳಿದ ಕಾರ್ಡುಗಳನ್ನು ಅವನ ಮುಂದೆ ಹಿಡಿಯುತ್ತಾರೆ. "ಇವು ನನ್ನ ಹೊಲಕ್ಕೆ ಅಂತ ಇಟ್ಕೊಂಡಿದ್ದು. ನಿಮಗೆ ಹಾಕ್ತೀನಿ. ನಾಲ್ಕನೇ ದಿನ ನೀವೇ ಎಲೆ ತಿರುಗಿಸಿ ನೋಡಿ. ನಿಮ್ಮ ಗಿಡದ ಮೊಟ್ಟೆ ಕಪ್ಪಾಗದೆ ಹಾಗೇ ಇದ್ರೆ, ಆ ಪಂಪು ನಾನೇ ಹೊತ್ತು ಹೊಡೀತೀನಿ. ಆಮೇಲೆ ಈ ಊರಲ್ಲಿ ಯಾರಿಗೂ ಬುದ್ಧಿ ಹೇಳಲ್ಲ."

ರೈತ ಅಣ್ಣನತ್ತ ನೋಡುತ್ತಾನೆ. ಅಣ್ಣ ತಟ್ಟೆಯಿಂದ ಒಂದು ಕಾರ್ಡು ತೆಗೆದು ಹತ್ತಿರದ ಗಿಡದ ಎಲೆಯಡಿ ಸಿಕ್ಕಿಸುತ್ತಾರೆ, ಒರಟಾಗಿ, ತಲೆಕೆಳಗಾಗಿ. ತಂಗಿ ತಿದ್ದುವುದಿಲ್ಲ. ಕಲಸಿದ ಔಷಧಿ ಮಾತ್ರ ಉಳಿಯುತ್ತದೆ. ಕಾಲುವೆಗೆ ಸುರಿಯುವಂತಿಲ್ಲ, ಮಣ್ಣಿಗೆ ಸುರಿಯುವಂತಿಲ್ಲ. ಇಷ್ಟು ವರ್ಷ ಇಡೀ ಊರಿಗೇ ಸುರಿದದ್ದನ್ನು ಈಗ ಒಂದು ಡ್ರಮ್ಮಿನಷ್ಟು ಚೆಲ್ಲಲು ಊರಲ್ಲಿ ಜಾಗವಿಲ್ಲ. ಅಣ್ಣ ಅದಕ್ಕೆ ಮುಚ್ಚಳ ಬಿಗಿದು ತಮ್ಮ ಶೆಡ್ಡಿನಲ್ಲಿಟ್ಟು ಬೀಗ ಹಾಕುತ್ತಾರೆ.

ನಾಲ್ಕನೇ ದಿನ ಮತ್ತೆ ಹೋಗುತ್ತೇನೆ. ಈ ಸಲ ಕ್ರೀಮು ಹಚ್ಚಿಲ್ಲ, ಸೊಳ್ಳೆಗಳು ಸಾಕಷ್ಟು ಕಚ್ಚಿವೆ. ಬೇಲಿಯಾಚೆ ರೈತ ಆಗಲೇ ಸಾಲಿನಲ್ಲಿ ಮೊಣಕಾಲೂರಿದ್ದಾನೆ. ಒಂದು ಎಲೆ ತಿರುಗಿಸುತ್ತಾನೆ, ಮೊಟ್ಟೆ ಬೆಳ್ಳಗಿದೆ. ಅಕ್ಕನ ಕೈ ತಂತಿಯನ್ನು ಬಿಗಿಹಿಡಿಯುತ್ತದೆ. ಇನ್ನೊಂದು ಎಲೆ, ಕಪ್ಪು. ಮತ್ತೊಂದು, ಕಪ್ಪು. ಅವನು ಸಾಲಿನುದ್ದಕ್ಕೂ ಹೋಗುತ್ತಾನೆ. ಅಲ್ಲೊಂದು ಇಲ್ಲೊಂದು ಬಿಟ್ಟರೆ ಎಲ್ಲವೂ ಕಪ್ಪು. ಎದ್ದು ನಿಂತವನು ಕತ್ತು ಕೆರೆದುಕೊಂಡು, "ಮುಂದಿನ ವಾರಕ್ಕೂ ಕಾರ್ಡು ಬೇಕಾಗುತ್ತಾ ಅಕ್ಕಾ?" ಎಂದು ಕೇಳುತ್ತಾನೆ. ಅಕ್ಕ ಹೌದೆಂದು ತಲೆಯಾಡಿಸುತ್ತಾರೆ. ಅವರ ಸ್ವಂತ ಹೊಲದಲ್ಲಿ ಹುಳು ಬಿದ್ದಿದೆ. ಅತ್ತೆ ಅಲ್ಲಿ ಡಬ್ಬಿ ಹಿಡಿದು, ಬಾಯಿಗೆ ಬಂದಂತೆ ಬೈಯುತ್ತ, ಕೈಯಿಂದಲೇ ಹುಳು ಆರಿಸುತ್ತಿದ್ದಾರೆ.

ಇಂಥ ಲೇಖನಗಳಲ್ಲಿ ಕೇಳಲೇಬೇಕಾದ ಪ್ರಶ್ನೆಯನ್ನು ನಾನೂ ಕೇಳುತ್ತೇನೆ: ನಿಮ್ಮ ಆಸೆ ಏನು? ಕಾಲುವೆಯ ಕಟ್ಟೆಯ ಮೇಲೆ ಅಣ್ಣ ಬೆನ್ನು ತಿರುಗಿಸಿ ಕೂತಿದ್ದಾರೆ, ಇಲ್ಲಿಯ ಮಾತು ಅಲ್ಲಿಗೆ ಕೇಳುವಷ್ಟೇ ದೂರದಲ್ಲಿ. ಅಕ್ಕ ಆ ಕಡೆ ನೋಡಿಕೊಂಡೇ ಹೇಳುತ್ತಾರೆ:

"ಯಾರೂ ವಿಷ ಹೊಡೀದೆ ನಾಲ್ಕಾರು ವರ್ಷ ಬಿಟ್ರೆ ಈ ಕಣಜಗಳು ಹೊಲದಲ್ಲೇ ನೆಲೆ ನಿಲ್ತವಂತೆ. ಆಮೇಲೆ ನನ್ನ ಕಾರ್ಡು ಯಾರಿಗೂ ಬೇಡ. ಆ ದಿನ ಬರ್ಲಿ ಅಂತ ನನಗಾಸೆ. ಅವತ್ತು ಅಣ್ಣನ ಬಾಗಿಲಿಗೆ ಹೋಗಿ ಹೇಳ್ತೀನಿ: ನೋಡಣ್ಣಾ, ನನ್ನ ಕೆಲಸಾನೂ ಹೋಯ್ತು, ಈಗ್ಲಾದ್ರೂ ಮನೆಗೆ ಊಟಕ್ಕೆ ಬಾ ಅಂತ."