ಹಚ್ಚುವ ಮಾತು

ನಮ್ಮ ಕಾಲೇಜಿನ ಹೆಣ್ಣುಮಕ್ಕಳ ಶೌಚಾಲಯಕ್ಕೆ ಒಂದು ವರ್ಷದ ಮೇಲೆ ಬಾಗಿಲಿರಲಿಲ್ಲ. ಇದ್ದ ಬಾಗಿಲು ಮಳೆನೀರು ಕುಡಿದು ಉಬ್ಬಿ, ಒಂದು ದಿನ ಕಳಚಿ ಬಿತ್ತು. ಅದರ ಜಾಗಕ್ಕೆ ವಾರ್ಷಿಕೋತ್ಸವದ ಹಳೆಯ ಫ್ಲೆಕ್ಸ್ ಒಂದನ್ನು ಇಳಿಬಿಟ್ಟರು. ಅದರ ಮೇಲೆ ‘ಸರ್ವರಿಗೂ ಆದರದ ಸ್ವಾಗತ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು. ಕಟ್ಟಿದವರಿಗೆ ಅದು ಕಾಣಲಿಲ್ಲವೋ, ಕಂಡೂ ಸುಮ್ಮನಿದ್ದರೋ ನನಗೆ ಗೊತ್ತಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ನಿಂತು, ಗಾಳಿಗೆ ಹಾರುವ ಆ ಸ್ವಾಗತವನ್ನು ಎರಡೂ ಕೈಯಿಂದ ಹಿಡಿದುಕೊಳ್ಳಬೇಕಾಗಿತ್ತು.

ನಾನು ಅಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಮನೆ ಬಾಗಲಕೋಟೆಯ ನವನಗರದಲ್ಲಿ. ಬೆಳಗ್ಗೆ ಬಸ್ಸು ಹಿಡಿದರೆ ಹುನಗುಂದದಲ್ಲಿ ಇಳಿದು, ಇಳಕಲ್ ಕಡೆಯ ಬಸ್ಸು ಹತ್ತಿ ಕಾಲೇಜು ಸೇರುತ್ತಿದ್ದೆ. ಸಿಬ್ಬಂದಿಯ ಶೌಚಾಲಯಕ್ಕೆ ಬಾಗಿಲೂ ಇತ್ತು, ಕೀಲಿಯೂ ಇತ್ತು. ಹುಡುಗಿಯರು ಮಾತ್ರ ಬೆಳಗಿನಿಂದ ನೀರು ಕುಡಿಯದೆ ಕೂತಿರುತ್ತಿದ್ದರು. ಮಧ್ಯಾಹ್ನದ ತರಗತಿಯಲ್ಲಿ ತಲೆನೋವೆಂದು ಬೆಂಚಿಗೆ ಒರಗುವವರೇ ಹೆಚ್ಚು. ಅವರು ಕೊಟ್ಟ ಮನವಿಗಳಿಗೆಲ್ಲ ‘ಅನುದಾನ ಬಂದ ಕೂಡಲೇ’ ಎಂಬ ಉತ್ತರ ಬರುತ್ತಿತ್ತು. ಅನುದಾನವೆಂಬುದು ಬಾರದೆ ಇರುವುದಕ್ಕೇ ಹುಟ್ಟಿದ ಅತಿಥಿ.

ಪ್ರಾಂಶುಪಾಲರು ಮೈಸೂರು ಕಡೆಯಿಂದ ವರ್ಗವಾಗಿ ಬಂದವರು. ಕೆಟ್ಟವರಲ್ಲ. ಹೊತ್ತಿಗೆ ಸರಿಯಾಗಿ ಬರುವವರು, ಯಾರಿಗೂ ಏಕವಚನ ಬಳಸದವರು. ಆದರೆ ಗದ್ದಲವೆಂದರೆ ಅವರಿಗೆ ಭಯ. ಕಾಲೇಜೆಂದರೆ ಓದುವ ಜಾಗ, ಕೂಗುವ ಜಾಗವಲ್ಲ ಎಂದು ಅವರು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಅದಕ್ಕೆ ತಲೆಯಾಡಿಸುವವರಿದ್ದರು, ನನ್ನ ಹಾಗೆ ಮೂಗು ಮುರಿಯುವವರೂ ಇದ್ದರು. ಬಸವಣ್ಣ ಓದಿ ಬೆಳೆದ ಕೂಡಲಸಂಗಮ ನಮಗೆ ಹತ್ತಿರ. ಯಾರು ಬೇಕಾದರೂ ಎದ್ದು ಮಾತಾಡಬಹುದಾಗಿದ್ದ ಅನುಭವ ಮಂಟಪದ ಬಗ್ಗೆ ಬಸವ ಜಯಂತಿಗೆ ಎಲ್ಲರೂ ಗಂಟಲು ಹರಿಯುವಂತೆ ಭಾಷಣ ಮಾಡುತ್ತೇವೆ. ಮಾರನೆಯ ದಿನ ವಿದ್ಯಾರ್ಥಿಯೊಬ್ಬ ಎದ್ದು ನಿಂತು ಮಾತಾಡಿದರೆ ಸುಮ್ಮನೆ ಕೂಡು ಎನ್ನುತ್ತೇವೆ.

ಅದೇ ಅನುಭವ ಮಂಟಪದ ಬಗ್ಗೆ ಬರೆದ ಪ್ರಬಂಧಕ್ಕೆ ಕಾಲೇಜಿನಲ್ಲಿ ಮೊದಲ ಬಹುಮಾನ ಪಡೆದವಳು ಹತ್ತಿರದ ಮರೋಳ ಹಳ್ಳಿಯ ಹುಡುಗಿ, ಬಿ.ಎ. ಕೊನೆಯ ವರ್ಷದವಳು. ಮಾತು ಕಡಿಮೆ, ಅಕ್ಷರ ದುಂಡಗೆ. ಬಾಗಿಲಿಗಾಗಿ ಹುಡುಗಿಯರು ಮೆಟ್ಟಿಲ ಮೇಲೆ ಧರಣಿ ಕೂತಾಗ ಫಲಕಗಳನ್ನು ಬರೆದುಕೊಟ್ಟವಳೂ ಅವಳೇ. ಒಬ್ಬಳ ಕೈಯಲ್ಲಿ ‘ನಮ್ಮ ಬಾಗಲಾ ಎಲ್ಲಿ?’ ಎಂಬ ರಟ್ಟು. ಪಕ್ಕದಲ್ಲೇ ಕೂತಿದ್ದ ಇವಳ ಕೈಯಲ್ಲಿ ‘ನೀವು ಹಚ್ಚಲಿಲ್ಲಂದ್ರ ನಾವ ಹಚ್ತೇವಿ’ ಎಂಬ ರಟ್ಟು.

ಯಾರೋ ಮೊಬೈಲಿನಲ್ಲಿ ಫೋಟೋ ತೆಗೆದರು. ಫೋಟೋದಲ್ಲಿ ಮೊದಲ ರಟ್ಟು ಇರಲಿಲ್ಲ. ಇವಳಿದ್ದಳು, ಇವಳ ರಟ್ಟಿತ್ತು, ಹಿಂದೆ ಗ್ರಂಥಾಲಯದ ಕಿಟಕಿಯಿತ್ತು. ಅದು ಒಂದು ವಾಟ್ಸಾಪ್ ಗುಂಪಿನಿಂದ ಇನ್ನೊಂದಕ್ಕೆ ಹಾರಿ, ಬೆಂಗಳೂರಿನಲ್ಲಿ ಕೂತ ಯಾರೋ ಮೇಲಿನವರ ಕೈಗೆ ಬಿತ್ತು. ಅವರು ಪ್ರಾಂಶುಪಾಲರಿಗೆ ಫೋನು ಮಾಡಿ, ನಿಮ್ಮ ಕಾಲೇಜಿನ ಹುಡುಗಿಯರು ಗ್ರಂಥಾಲಯಕ್ಕೆ ಬೆಂಕಿ ಹಚ್ಚುತ್ತಾರಂತೆ, ನೀವೇನು ಮಾಡುತ್ತಿದ್ದೀರಿ ಎಂದು ಕೇಳಿದರು.

ಇಲ್ಲಿಯವರು ಯಾರನ್ನು ಕೇಳಿದ್ದರೂ ಅರ್ಥ ಹೇಳುತ್ತಿದ್ದರು. ನಮ್ಮಲ್ಲಿ ಹಚ್ಚುವುದೆಂದರೆ ಬರಿಯ ಬೆಂಕಿಯಲ್ಲ. ಫೋನು ಹಚ್ಚುತ್ತೇವೆ, ಟಿ.ವಿ. ಹಚ್ಚುತ್ತೇವೆ. ಸ್ಟ್ಯಾಂಡಿಗೆ ತಂದು ಬಸ್ಸು ಹಚ್ಚುತ್ತಾರೆ. ಇಳಕಲ್ಲಿನ ನೇಕಾರರು ಸೀರೆಗೆ ಸೆರಗು ಹಚ್ಚುತ್ತಾರೆ. ಬಾಗಿಲು ಕೂರಿಸುವುದೂ ಹಚ್ಚುವುದೇ, ಕೂರಿಸಿದ ಬಾಗಿಲನ್ನು ಮುಚ್ಚುವುದೂ ಹಚ್ಚುವುದೇ. ಪ್ರಾಂಶುಪಾಲರು ಯಾರನ್ನೂ ಕೇಳಲಿಲ್ಲ. ನೋಟಿಸು ಟೈಪು ಮಾಡಿಸಿದರು: ಮರೋಳದ ಹುಡುಗಿ ಅಮಾನತು, ತಪ್ಪೊಪ್ಪಿಗೆ ಬರೆದುಕೊಡುವ ತನಕ ಪರೀಕ್ಷೆಯ ಪ್ರವೇಶಪತ್ರ ಇಲ್ಲ.

ಇದೆಲ್ಲ ಆಗುವಾಗ ನಾನು ಬಾದಾಮಿಯಲ್ಲಿ ಒಂದು ವಿಚಾರ ಸಂಕಿರಣದಲ್ಲಿದ್ದೆ. ಸಂಕಿರಣದ ವಿಷಯ ಅಭಿವ್ಯಕ್ತಿ ಸ್ವಾತಂತ್ರ್ಯ. ನಗಬೇಡಿ, ಖರೆ ಹೇಳುತ್ತಿದ್ದೇನೆ. ಊಟ ಚೆನ್ನಾಗಿತ್ತು.

ತಿರುಗಿ ಬಂದಾಗ ಹುಡುಗಿಯ ಅಪ್ಪ ಸ್ಟಾಫ್ ರೂಮಿನ ಬಾಗಿಲಲ್ಲಿ ಕಾಯುತ್ತಿದ್ದರು. ಪರೀಕ್ಷೆ ಹತ್ತಿರ ಬಂದಿತ್ತು.

“ಬರದು ಕೊಟ್ಟುಬಿಡು, ನಿಂದೇನು ಹೋಗ್ತೈತಿ ಅಂದೇನ್ರಿ ಮೇಡಮ್ಮಾರ. ಒಲ್ಲೆ ಅಂತಾಳ. ಊಟಾನೂ ಸರಿಯಾಗಿ ಮಾಡವಲ್ಲಳು,” ಎಂದರು. “ಆಕಿನ್ನ ಮುಂದ ಬಿ.ಎಡ್. ಮಾಡಸಬೇಕಂತ ನಂದೂ ಆಸೆ ಐತ್ರಿ. ಈ ವರ್ಷ ಹ್ವಾದ್ರ ಮನ್ಯಾಗ ಉಳದವ್ರು ಸುಮ್ನಿರೂದಿಲ್ಲ. ಮದುವಿ ಮಾತು ತಗೀತಾರ.”

ನನಗೆ ಸಿಟ್ಟು ನೆತ್ತಿಗೇರಿತು. ಬಾಗಿಲು ಕೇಳಿದ ತಪ್ಪಿಗೆ ಹುಡುಗಿಯೊಬ್ಬಳ ಓದೇ ನಿಲ್ಲುವುದಾದರೆ ನಾನು ಪಾಠ ಮಾಡುವುದು ಯಾತಕ್ಕೆ? ನೇರ ಹೋಗಿ ವಿಚಾರಣೆ ಮಾಡಿ ಎಂದು ಪಟ್ಟು ಹಿಡಿದೆ. ಅವತ್ತೇ ಮಧ್ಯಾಹ್ನ ಪ್ರಾಂಶುಪಾಲರ ಕೊಠಡಿಯಲ್ಲಿ ಕೂತೆವು: ಅವರು, ನಾನು, ಹುಡುಗಿ, ಅವಳಪ್ಪ.

ಪ್ರಾಂಶುಪಾಲರು ಮೆತ್ತಗೆ ಶುರುಮಾಡಿದರು. “ನೋಡಿಮ್ಮ, ಹಚ್ತೀವಿ ಅಂತ ಬರೆದಿದ್ದೀರಿ. ಹಾಗಂದ್ರೆ ಏನು?”

“ಹಚ್ತೇವಿ ಅಂದ್ರ ಹಚ್ತೇವ್ರಿ ಸರ,” ಎಂದಳು ಹುಡುಗಿ.

“ಅಂದ್ರೆ ಒಪ್ಕೋತಿದ್ದೀರಿ?”

“ಹೌದ್ರಿ. ನೀವು ಹಚ್ಚದಿದ್ರ ಮತ್ತೇನ ಮಾಡೂದ್ರಿ?”

ಅವರು ನನ್ನ ಮುಖ ನೋಡಿದರು. ಮಗಳ ಪರವಾಗಿ ಏನಾದರೂ ಹೇಳಬೇಕೆಂದು ಅಪ್ಪ ಎದ್ದು ನಿಂತು ಕೈ ಮುಗಿದರು. “ಸಾಹೇಬ್ರ, ಆಕೀದೇನೂ ತಪ್ಪಿಲ್ರಿ. ಆಕಿನ್ನ ಕಾಲೇಜಿಗೆ ಹಚ್ಚಿದಾಂವ ನಾನ ರಿ. ಏನಿದ್ರೂ ನನಗನ್ರಿ.”

“ನೀವೂ ಇದರಲ್ಲಿದ್ದೀರಾ?” ಎಂದು ಪ್ರಾಂಶುಪಾಲರು ಕುರ್ಚಿ ಹಿಂದಕ್ಕೆ ಸರಿಸಿದರು.

ನನಗೆ ನಗು ತಡೆಯಲಾಗಲಿಲ್ಲ. “ಸರ್, ಇವರು ಮಗಳನ್ನು ಕಾಲೇಜಿಗೆ ಸೇರಿಸಿದ್ದು ಇವರೇ ಅಂತ ಹೇಳ್ತಿದ್ದಾರೆ,” ಎಂದೆ. “ನಿಮ್ಮನ್ನೂ ಚಿಕ್ಕಂದಿನಲ್ಲಿ ನಿಮ್ಮ ತಂದೆಯವರು ಸಾಲಿಗೆ, ಅಂದ್ರೆ ಶಾಲೆಗೆ, ಹಚ್ಚಿದ್ದಕ್ಕೇ ಇವತ್ತು ಈ ಕುರ್ಚಿಯಲ್ಲಿದ್ದೀರಿ.” ಆಮೇಲೆ ಒಂದೊಂದಾಗಿ ಬಿಡಿಸಿ ಹೇಳಿದೆ, ಫೋನು, ಬಸ್ಸು, ಸೆರಗು, ಕೊನೆಗೆ ಬಾಗಿಲು. ‘ನಮ್ಮ ಬಾಗಲಾ ಎಲ್ಲಿ?’ ಎಂಬ ಇನ್ನೊಂದು ರಟ್ಟನ್ನೂ ತರಿಸಿ ಫೋಟೋದ ಪಕ್ಕದಲ್ಲಿಟ್ಟು ತೋರಿಸಿದೆ.

ಪ್ರಾಂಶುಪಾಲರು ಎರಡನ್ನೂ ಓದಿದರು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಅಪ್ಪನಿಗೂ ವಿಷಯ ತಿಳಿದು, ಅವರೂ ಪಂಚೆಯ ತುದಿ ಬಾಯಿಗೆ ಒತ್ತಿಕೊಂಡು ನಕ್ಕರು. “ಪಾಪ, ಹಳ್ಳಿ ಮಕ್ಕಳು. ಅವರ ಭಾಷೆನೇ ಹಾಗೆ. ನಾವು ಸುಮ್ಮನೆ ಗಾಬರಿಯಾದ್ವಿ,” ಎಂದು ಪ್ರಾಂಶುಪಾಲರು ಅಮಾನತು ರದ್ದು ಮಾಡಿ ಸಹಿ ಹಾಕಿದರು. ಎಲ್ಲರಿಗೂ ಚಹಾ ತರಿಸಿದರು. ಹುಡುಗಿ ಮಾತ್ರ ನಗಲಿಲ್ಲ, ಚಹಾವನ್ನೂ ಮುಟ್ಟಲಿಲ್ಲ.

ಹೊರಗೆ ಬಂದ ಮೇಲೆ, “ಪರೀಕ್ಷೆ ಬರಿಯೂದಾತಲ್ಲ, ಇನ್ನೂ ಯಾಕ ಮಾರಿ ಸಣ್ಣದು ಮಾಡೀದಿ?” ಎಂದು ಕೇಳಿದೆ.

“ಬೆಂಕಿ ಅಂತ ತಿಳಕೊಂಡಾಗ ಶಿಕ್ಷಾ ಕೊಟ್ರು. ಬಾಗಲಾ ಅಂತ ತಿಳದ ಮ್ಯಾಲ ನಕ್ರು,” ಎಂದಳು. “ಬಾಗಲಾ ಮಾತ್ರ ಯಾರೂ ಹಚ್ಚತೇವಿ ಅನ್ನಲಿಲ್ರಿ ಮೇಡಮ್.”

ನನಗೆ ಮುಖಕ್ಕೆ ತಣ್ಣೀರು ಎರಚಿದಂತಾಯಿತು. ಗೆದ್ದೆವೆಂದು ನಾನು ಬೀಗುತ್ತಿದ್ದೆ. ಅವಳಿಗೆ ಸಿಕ್ಕಿದ್ದು ಹಕ್ಕಲ್ಲ, ಮಾಫಿ. ಅದೂ ಪಾಪ, ಹಳ್ಳಿಯವಳು ಎಂಬ ಕನಿಕರದ ಮಾಫಿ. ಆದರೂ ಅವತ್ತು ನಾನು ಮಾಡಿದ್ದು ಸರಿಯೆಂದೇ ಈಗಲೂ ಹೇಳುತ್ತೇನೆ. ಪರೀಕ್ಷೆಗೆ ಕೂಡುವುದು ಮೊದಲು ಆಗಬೇಕಿತ್ತು.

ಮುಂದಿನ ವಾರ ಸುತ್ತೋಲೆ ಬಂತು. ಇನ್ನು ಮುಂದೆ ಆವರಣದೊಳಗಿನ ಯಾವುದೇ ಫಲಕ, ಬರಹ, ಘೋಷಣೆ ಶಿಷ್ಟ ಕನ್ನಡದಲ್ಲಿರತಕ್ಕದ್ದು. ಕನ್ನಡ ವಿಭಾಗದವರು ಓದಿ ‘ನೋಡಲಾಗಿದೆ’ ಎಂದು ಬರೆದು ಸಹಿ ಮಾಡಿದ ನಂತರವೇ ಪ್ರದರ್ಶಿಸತಕ್ಕದ್ದು. ಕನ್ನಡ ವಿಭಾಗವೆಂದರೆ ನಾನೊಬ್ಬಳೇ. ಅರ್ಥ ಬಿಡಿಸಿ ಹೇಳಿದ್ದಕ್ಕೆ ಮಾತಿನ ಕೀಲಿ ತಂದು ನನ್ನ ಕೈಗೇ ಕೊಟ್ಟಿದ್ದರು. ಪ್ರಾಂಶುಪಾಲರಿಗೆ ಇದು ನನಗೆ ಮಾಡಿದ ಗೌರವದಂತೆ ಕಂಡಿತ್ತು. “ನಿಮ್ಮಂಥವರು ನೋಡಿದ್ರೆ ತಪ್ಪು ತಿಳುವಳಿಕೆ ಆಗಲ್ಲ ಮೇಡಂ,” ಎಂದರು.

“ನನಗೆ ಒಲ್ಲದ ಕೆಲಸ ಸರ್. ನಾನು ಯಾವುದನ್ನೂ ನೋಡುವುದಿಲ್ಲ, ಸಹಿಯನ್ನೂ ಮಾಡುವುದಿಲ್ಲ,” ಎಂದೆ.

“ಹಾಗಾದ್ರೆ ಯಾವ ಫಲಕವೂ ಇರಲ್ಲ, ಅಷ್ಟೇ.”

ಅಷ್ಟೇ ಆಯಿತು. ನಾನು ಸಹಿ ಮಾಡಲಿಲ್ಲ, ಫಲಕಗಳೇ ನಿಂತುಹೋದವು. ನನ್ನ ಹಟದಿಂದ ಅವರಿಗೆ ಸಲೀಸಾಯಿತು. ಅದು ನನ್ನನ್ನು ಇನ್ನಷ್ಟು ಉರಿಸಿತು. ಸಹಿ ಮಾಡಿದರೆ ನಾನು ಕಾವಲುಗಾರ್ತಿ, ಮಾಡದಿದ್ದರೆ ಹುಡುಗಿಯರ ಬಾಯಿಗೆ ಬೀಗ. ಬಾದಾಮಿಯ ಸಂಕಿರಣದಲ್ಲಿ ಈ ಪ್ರಶ್ನೆಯನ್ನು ಯಾರೂ ಎತ್ತಿರಲಿಲ್ಲ. ಮರೋಳದ ಹುಡುಗಿ ಮತ್ತೆ ನನ್ನ ಬಳಿ ಬರಲಿಲ್ಲ. ತರಗತಿಯಲ್ಲಿ ಎರಡನೆಯ ಬೆಂಚಿನಲ್ಲಿ ಕೂತು, ಪಾಠ ಕೇಳಿ, ಎದ್ದು ಹೋಗುತ್ತಿದ್ದಳು. ನೀರಿನ ಬಾಟಲಿ ಪಕ್ಕದಲ್ಲಿ ತುಂಬಿದ ಹಾಗೇ ಇರುತ್ತಿತ್ತು.

ಪರೀಕ್ಷೆ ಶುರುವಾಗುವ ಹಿಂದಿನ ರವಿವಾರ ಕಾಲೇಜಿನಲ್ಲಿ ಸಿಬ್ಬಂದಿ ಯಾರೂ ಇರಲಿಲ್ಲ. ಸೋಮವಾರ ನಾನು ಬಸ್ಸಿಳಿದು ಬಂದಾಗ ಶೌಚಾಲಯದ ಮುಂದೆ ಜನ ನಿಂತಿದ್ದರು. ಹೊಸ ತಗಡಿನ ಬಾಗಿಲು, ಹಸಿರು ಬಣ್ಣ, ಒಳಗೊಂದು ಚಿಲಕ. ಇಳಕಲ್ಲಿನಲ್ಲಿ ಮಾಡಿಸಿ, ಮರೋಳದ ಹುಡುಗಿಯ ಅಪ್ಪನ ಟ್ರ್ಯಾಕ್ಟರಿನಲ್ಲಿ ತಂದು, ಹುಡುಗಿಯರೇ ನಿಂತು ಕೂರಿಸಿದ್ದರೆಂದು ಆಮೇಲೆ ಗೊತ್ತಾಯಿತು. ‘ಸರ್ವರಿಗೂ ಆದರದ ಸ್ವಾಗತ’ವನ್ನು ನೀಟಾಗಿ ಮಡಚಿ ಕಚೇರಿಯ ಕಿಟಕಿಯಲ್ಲಿ ಇಟ್ಟಿದ್ದರು.

ಪ್ರಾಂಶುಪಾಲರು ಬಂದು ಬಾಗಿಲನ್ನು ಮೇಲಿಂದ ಕೆಳಗೆ ನೋಡಿದರು. ಏನಾದರೂ ಬರೆದಿದೆಯೇ ಎಂದು ಹುಡುಕುತ್ತಿದ್ದರೆಂದು ನನ್ನ ಅನುಮಾನ. ಏನೂ ಇರಲಿಲ್ಲ. “ಅನುಮತಿ ಕೇಳಬೇಕಿತ್ತು,” ಎಂದು ತಮ್ಮಷ್ಟಕ್ಕೆ ಅಂದುಕೊಂಡು ಒಳಗೆ ಹೋದರು. ಬಾಗಿಲು ಕೀಳಿಸುವಷ್ಟು ಕೆಟ್ಟವರಲ್ಲವೆಂದು ಮೊದಲೇ ಹೇಳಿದ್ದೇನೆ.

ಮರೋಳದ ಹುಡುಗಿ ಪರೀಕ್ಷೆಯ ಕೊಠಡಿಗೆ ಹೊರಟಿದ್ದಳು. ನನ್ನನ್ನು ನೋಡಿ ನಿಂತಳು. ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ನಗು ಕಂಡಿತು. ಕೈಯಲ್ಲಿದ್ದ ಬಾಟಲಿ ಅರ್ಧ ಖಾಲಿಯಾಗಿತ್ತು.

“ಮೇಡಮ್, ಒಮ್ಮೆ ಒಳಗ ಹೋಗಿ ಬಾಗಲಾ ಹಚ್ಚಕೊಂಡು ನೋಡ್ರಿ,” ಎಂದಳು.

ಸಿಬ್ಬಂದಿಯ ಶೌಚಾಲಯದ ಕೀಲಿ ಪರ್ಸಿನಲ್ಲೇ ಇತ್ತು. ನಾನು ಹುಡುಗಿಯರ ಕಡೆಗೇ ಹೋದೆ. ಒಳಗೆ ಹೋಗಿ ಬಾಗಿಲು ಮುಚ್ಚಿ ಚಿಲಕ ಹಾಕಿ ಕಣ್ಣೆತ್ತಿದೆ. ಬಾಗಿಲಿನ ಒಳಮೈಯಲ್ಲಿ, ಹೊರಗಿನವರಾಗಲಿ ಪ್ರಾಂಶುಪಾಲರಾಗಲಿ ಎಂದೂ ಓದಲಾಗದ ಕಡೆ, ಬಿಳಿ ಬಣ್ಣದಲ್ಲಿ ಆ ದುಂಡನೆಯ ಅಕ್ಷರಗಳಿದ್ದವು: ‘ಹಚ್ಚಿದ್ವಿ.’

ಹೊರಗೆ ಯಾರೋ ಬಾಗಿಲು ತಟ್ಟಿದರು. ಬಂದೆ ಎಂದು ಹೇಳಿ, ಪರ್ಸಿನಿಂದ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನು ತೆಗೆದು, ಅದರ ಕೆಳಗೆ ‘ನೋಡಲಾಗಿದೆ’ ಎಂದು ಬರೆದು ಸಹಿ ಹಾಕಿದೆ.